ಘಟ್ಟದ ಕೆಳಗಿನ ಬಿಸಿನೀರು ಮತ್ತು ದಂಪತಿಗಳ ಯಾತ್ರೆ

ಹುಕ್ಕೇರಿ ತಾಲ್ಲೂಕಿನ ಕಣಗಲಾ ಗ್ರಾಮವು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ಮತ್ತು ನಿಪ್ಪಾಣಿಗಳ ನಡುವೆ ಇದ್ದು, ನಿಪ್ಪಾಣಿಯಿಂದ ಪಶ್ಚಿಮಕ್ಕೆ ಹೊರಳುವ ದಾರಿಯು ರಾಧಾನಗರಿಯನ್ನು ಹಾಯ್ದು, ಫೋಂಡಾ ಘಟ್ಟವನ್ನಿಳಿದು ದೇವಗಡದ ಕಡಲತೀರವನ್ನು ಮುಟ್ಟುತ್ತದೆ. ಈ ಬಯಲುಸೀಮೆಗೂ ಕೊಂಕಣದ ಬಂದರುಗಳಿಗೂ ಇದ್ದ ನಂಟು ಹಳೆಯದು. 17ನೆಯ ಶತಮಾನದಲ್ಲಿ ರಾಯಬಾಗದ ಪೇಟೆಯ ಕಾಳುಮೆಣಸು ಘಟ್ಟವಿಳಿದು ರಾಜಾಪುರ ಬಂದರನ್ನು ಸೇರುತ್ತಿತ್ತು; ಇಂಗ್ಲಿಷ್ ವರ್ತಕರು 1649ರಲ್ಲಿ ಅಲ್ಲಿ ಕೋಠಿಯನ್ನು, ಎಂದರೆ ಸರಕು ಕೊಂಡು ಕೂಡಿಡುವ ಮಳಿಗೆಯನ್ನು ತೆರೆದರು.

ಈ ರಾಜಾಪುರದ ಬಳಿಯ ಉನ್ಹಾಳೆಯಲ್ಲಿ ಬಿಸಿನೀರಿನ ಬುಗ್ಗೆಯೊಂದಿದೆ. ಪಾಲಘರ ಜಿಲ್ಲೆಯಿಂದ ಇಲ್ಲಿಯವರೆಗೆ ಕರಾವಳಿಗೆ ಸಮಾನಾಂತರವಾಗಿ ಸುಮಾರು 350 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಬುಗ್ಗೆಗಳ ಸಾಲಿನ ದಕ್ಷಿಣದ ತುದಿ ಇದು. ಇಲ್ಲಿ ಜೀವಂತ ಜ್ವಾಲಾಮುಖಿಯಿಲ್ಲ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕಿಳಿದು, ಭೂಗರ್ಭದ ಶಾಖದಿಂದ ಕಾದು ಮೇಲೇರುತ್ತದೆ. ಸಮೀಪದಲ್ಲಿಯೇ ಗಂಗಾತೀರ್ಥವೆಂಬ ವಿಲಕ್ಷಣ ಚಿಲುಮೆಯಿದ್ದು, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಹಠಾತ್ತನೆ ಉಕ್ಕಿ 14 ಕುಂಡಗಳನ್ನು ತುಂಬಿ, ಕೆಲವು ಕಾಲದ ನಂತರ ಬತ್ತಿಹೋಗುತ್ತದೆ. ಗಂಗೆ ಬಂದಳೆಂಬ ಸುದ್ದಿ ಹಬ್ಬಿದೊಡನೆ ಭಕ್ತರು ಅಲ್ಲಿ ಸೇರುತ್ತಾರೆ.

ಕರ್ನಾಟಕದೊಳಗಿನ ಬಿಸಿನೀರಿನ ಬುಗ್ಗೆಯೆಂದರೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಸೀರೆ ಹೊಳೆಯ ಬದಿಗಿರುವ ಬೆಂದ್ರ್ ತೀರ್ಥ. ಗಂಧಕದ ವಾಸನೆಯ ಈ ಬೆಚ್ಚನೆಯ ನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆಯಿದೆ. ತುಳುನಾಡಿನಲ್ಲಿ ತೀರ್ಥಸ್ನಾನವು ದಾಂಪತ್ಯದೊಂದಿಗೂ ಬೆಸೆದುಕೊಂಡಿದ್ದು, ನೆರೆಯ ಬಂಟ್ವಾಳ ತಾಲ್ಲೂಕಿನ ಕಾರಿಂಜ ಮತ್ತು ನರಹರಿ ಪರ್ವತಗಳ ತೀರ್ಥಗಳಿಗೆ ನವದಂಪತಿಗಳು ಆಟಿ ಅಮಾವಾಸ್ಯೆಯಂದು, ಅಂದರೆ ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು, ಸುರಿವ ಮಳೆಯನ್ನೂ ಲೆಕ್ಕಿಸದೆ ಜೊತೆಯಾಗಿ ಬೆಟ್ಟ ಹತ್ತಿ ಬಂದು ಮೀಯುವ ರೂಢಿ ಇಂದಿಗೂ ನಡೆದುಬಂದಿದೆ.

ಜಪಾನಿನಲ್ಲಿ ಓನ್ಸೆನ್ ಎನ್ನಲಾಗುವ ಬಿಸಿನೀರಿನ ಬುಗ್ಗೆಗಳ ಯಾತ್ರೆ ಬೇರೊಂದು ದಿಕ್ಕಿನಲ್ಲಿ ಬೆಳೆಯಿತು. ನಮ್ಮ ಸ್ನಾನವು ತಿಥಿಗೆ ಕಟ್ಟುಬಿದ್ದು ಒಂದು ಮುಳುಗಿನಲ್ಲಿ ಮುಗಿದರೆ, ಅಲ್ಲಿನ 'ತೋಜಿ' ಎಂಬ ಪದ್ಧತಿಯಲ್ಲಿ ರೋಗಿಗಳೂ ದಣಿದ ರೈತರೂ ವಾರಗಟ್ಟಲೆ ಬುಗ್ಗೆಯ ಬಳಿ ತಂಗಿ, ದಿನಕ್ಕೆ ಹಲವು ಸಲ ಮೀಯುತ್ತಿದ್ದರು. ಈ ತಂಗುವಿಕೆಯೇ ಅಲ್ಲಿ ಛತ್ರಗಳನ್ನೂ ಊರುಗಳನ್ನೂ ಬೆಳೆಸಿತೆನ್ನಬೇಕು. 1866ರಲ್ಲಿ ಕ್ಯೋಟೋ ಬಳಿಯ ಫುಶಿಮಿಯಲ್ಲಿ ನಡೆದ ದಾಳಿಯಲ್ಲಿ ಕೈಗೆ ಗಾಯವಾದ ಸಮುರಾಯ್ ಸಾಕಾಮೋತೋ ರ‍್ಯೋಮಾ, ಪತ್ನಿ ಓರ‍್ಯೋಳೊಡನೆ ಹಡಗಿನಲ್ಲಿ ಸತ್ಸುಮಾ ಪ್ರಾಂತಕ್ಕೆ ಹೋಗಿ, ಕಿರಿಶಿಮಾದ ಶಿಯೋಹಿತಾಶಿ ಬುಗ್ಗೆಯಲ್ಲಿ ಗಾಯ ಮಾಯಿಸಿಕೊಂಡನು. ಇಬ್ಬರೂ ತಾಕಾಚಿಹೋ ಶಿಖರವನ್ನೇರಿದರು, ಆ ಬೆಟ್ಟದ ಚಿತ್ರ ಬಿಡಿಸಿ ಅವನು ಅಕ್ಕನಿಗೆ ಪತ್ರ ಬರೆದನು. ಜಪಾನಿನ ಮೊದಲ ಮಧುಚಂದ್ರವೆಂದು ಜನಪ್ರಿಯವಾಗಿರುವ ಪ್ರವಾಸವಿದು. ಅದೇ ಸತ್ಸುಮಾದ ದಕ್ಷಿಣ ಕಡಲತೀರದ ಇಬುಸುಕಿಯಲ್ಲಿ ಬುಗ್ಗೆಯ ಶಾಖದಿಂದ ಕಾದ ಮರಳಿನೊಳಗೆ ಕುತ್ತಿಗೆಯವರೆಗೆ ಹೂತುಕೊಂಡು ಬೆವರುವ ಸ್ನಾನವೂ ಉಂಟು.

ಜಪಾನ್ 1948ರಲ್ಲಿ ಓನ್ಸೆನ್ ಕಾಯಿದೆಯನ್ನು ತಂದು, ಬುಗ್ಗೆಗಾಗಿ ನೆಲ ಕೊರೆಯಲು ಪ್ರಾಂತಾಧಿಕಾರಿಯ ಅನುಮತಿ ಬೇಕೆಂದು ವಿಧಿಸಿತು. ಬಿರುಕುಗಳ ಮೂಲಕವೇ ಮೇಲೇರುವ ಬೆಂದ್ರ್ ತೀರ್ಥದಂತಹ ಬುಗ್ಗೆಗೆ ಸುತ್ತಲಿನ ಕೊಳವೆಬಾವಿಗಳು ಅಪಾಯವೊಡ್ಡುವುದರಿಂದ, ಅಂತಹ ಕಟ್ಟುಪಾಡು ಇರ್ದೆಗೂ ಬರಬೇಕಾಗಿದೆ.