ಬೆಳಿಗ್ಗೆ ಹೋಗಿ ಸಂಜೆ ಮರಳುವ ಚಿಕಿತ್ಸೆ

ರಾಮಕುಂಜ, ಕೊಯಿಲ, ಆಲಂಕಾರು ಕಡೆಯ ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಿಗಡಾಯಿಸಿದರೆ ಮನೆಯವರಿಗೆ ಸಾಮಾನ್ಯವಾಗಿ ಕಾಣುವುದು ಎರಡೇ ದಾರಿ. ಸುಳ್ಯಕ್ಕೋ ಮಂಗಳೂರಿಗೋ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ತಿಂಗಳಿಗಾಗುವಷ್ಟು ಮಾತ್ರೆ ತರುವುದು ಒಂದು. ಎಡ್ಮಿಟ್ ಮಾಡುವುದು ಇನ್ನೊಂದು. ಮಾತ್ರೆಯಿಂದ ನಿದ್ದೆ ಬರುತ್ತದೆ, ಕಿವಿಯಲ್ಲಿ ಕೇಳುವ ಮಾತು ತಗ್ಗುತ್ತದೆ. ಆದರೆ ಬೆಳಿಗ್ಗೆ ಎದ್ದು ಮುಖ ತೊಳೆದು, ನಾಲ್ಕು ಜನರ ನಡುವೆ ಕೂತು, ಹಿಡಿದ ಕೆಲಸ ಮುಗಿಸುವ ರೂಢಿಯನ್ನು ಮಾತ್ರೆಯೊಂದೇ ತಂದುಕೊಡುವುದಿಲ್ಲ. ವಾರ್ಡಿನಲ್ಲಿ ಎಲ್ಲವೂ ಗಂಟೆಗೆ ಸರಿಯಾಗಿ ನಡೆದು, ಮನೆಗೆ ಬಂದ ಮರುದಿನವೇ ಸಡಿಲವಾಗುವುದೂ ಉಂಟು. ಹಗಲಿಡೀ ಚಿಕಿತ್ಸೆ ಪಡೆದು ರಾತ್ರಿ ತನ್ನ ಮನೆಯಲ್ಲೇ ಮಲಗುವ ಮೂರನೆಯ ದಾರಿಯೊಂದಿದೆ. ಅದಕ್ಕೆ ಜಗತ್ತಿನಲ್ಲಿ ತೊಂಬತ್ತು ವರ್ಷವಾಯಿತು. ನಮ್ಮೂರಿನವರೆಗೆ ಅದು ಎಷ್ಟು ಬಂದಿದೆ ಎಂಬುದನ್ನು ತಿಳಿದುಕೊಂಡರೆ, ಇದ್ದದ್ದರಲ್ಲಿ ಯಾವುದನ್ನು ಆರಿಸಬೇಕು ಎನ್ನುವುದು ಸ್ವಲ್ಪ ಸುಲಭವಾಗುತ್ತದೆ.

ಈ ಹಗಲು ಚಿಕಿತ್ಸೆ ಹುಟ್ಟಿದ್ದು ಸಿದ್ಧಾಂತದಿಂದಲ್ಲ, ಮಂಚದ ಕೊರತೆಯಿಂದ. 1930ರ ದಶಕದ ಆರಂಭದಲ್ಲಿ ಮಾಸ್ಕೋದ ಮಾನಸಿಕ ಆಸ್ಪತ್ರೆಯಲ್ಲಿ ಜಾಗ ಸಾಲದೆ ರೋಗಿಗಳನ್ನು ಹಗಲಿಗೆ ಮಾತ್ರ ಬರಮಾಡಿಕೊಂಡರು. 1946ರಲ್ಲಿ ಮಾಂಟ್ರಿಯಲ್‌ನಲ್ಲಿ ಇವೆನ್ ಕ್ಯಾಮರಾನ್, ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೋಶುವಾ ಬಿಯರರ್ ಹಗಲು ಆಸ್ಪತ್ರೆ ತೆರೆದರು. ಕ್ಯಾಮರಾನ್ ಮುಂದೆ ರೋಗಿಗಳ ಮೇಲೆ ಮಾಡಿದ ಪ್ರಯೋಗಗಳು ಮನೋವೈದ್ಯಕೀಯಕ್ಕೇ ಕಳಂಕವಾದವು. ನನಗೆ ಮುಖ್ಯವೆನಿಸುವವರು ಬಿಯರರ್. ರೋಗಿಗಳೇ ನಡೆಸುವ ಕ್ಲಬ್‌ಗಳನ್ನು ಕಟ್ಟಿ, ಗುಣವಾಗುವುದರಲ್ಲಿ ರೋಗಿಗೂ ಒಂದು ಕೆಲಸವಿದೆ ಎಂದು ತೋರಿಸಿದವರು ಅವರು. 1963ರ ಅಮೆರಿಕದ ಕಾಯ್ದೆಯೊಂದರ ಅಡಿಯಲ್ಲಿ ನೆರವು ಪಡೆಯುವ ಪ್ರತಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ಹಗಲು ಚಿಕಿತ್ಸೆ ಇರಲೇಬೇಕೆಂದಾಯಿತು. ಇಂದು ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ ಇದನ್ನು ಎರಡು ಹಂತವಾಗಿ ನೋಡುತ್ತದೆ: ವಾರಕ್ಕೆ ಕನಿಷ್ಠ 20 ಗಂಟೆಯದ್ದು ಒಂದು, 9 ಗಂಟೆಯದ್ದು ಇನ್ನೊಂದು. 2001ರಲ್ಲಿ ಮ್ಯಾಕ್ಸ್ ಮಾರ್ಷಲ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಕಂಡುಕೊಂಡದ್ದೇನೆಂದರೆ, ವಾರ್ಡಿಗೆ ಸೇರಿಸಬೇಕಾಗಿ ಬರುವವರಲ್ಲಿ ಐದರಲ್ಲಿ ಒಬ್ಬರನ್ನಾದರೂ ಹಗಲು ಆಸ್ಪತ್ರೆಯಲ್ಲೇ ನೋಡಿಕೊಳ್ಳಬಹುದು. ಉಳಿದವರಿಗೆ ಅದು ವಾರ್ಡಿಗೆ ಬದಲಿಯಲ್ಲ ಎಂಬ ಇನ್ನೊಂದು ಅರ್ಧವನ್ನೂ ಮರೆಯಬಾರದು.

ನಮ್ಮ ದೇಶದಲ್ಲಿ ಬದಲಾವಣೆ ಶುರುವಾದದ್ದು ಮನೆಯವರಿಂದ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಕಾಯಿಲೆ ಏನು, ಹೇಗೆ ಮಾತಾಡಬೇಕು, ಮಾತ್ರೆ ಯಾಕೆ ನಿಲ್ಲಿಸಬಾರದು ಎಂದು ಅಲ್ಲೇ ಕೂತು ಹೇಳಿಕೊಟ್ಟರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಅದರ ಪುನಶ್ಚೇತನ ವಿಭಾಗದಲ್ಲಿ ಬೇಕರಿ, ಟೈಲರಿಂಗ್, ಮರಗೆಲಸ, ಮೇಣದಬತ್ತಿ, ಮುದ್ರಣ, ತೋಟಗಾರಿಕೆ ಎಂದು ಹಲವು ಘಟಕಗಳಿವೆ. ಹೊತ್ತು ಕಳೆಯಲಿಕ್ಕೆ ಮಾಡಿದ ಏರ್ಪಾಡಲ್ಲ ಅದು. ಹಿಟ್ಟು ತೂಗುವವನಿಗೆ ಅಳತೆಯ ಮೇಲೆ ಗಮನ ಬೇಕು, ಪಕ್ಕದವನಿಗೆ ಹೇಳಿ ಕೇಳಿ ಮಾಡಬೇಕು, ಒಲೆಯ ಹೊತ್ತಿಗೆ ತಪ್ಪದೆ ಬರಬೇಕು. ಕಾಯಿಲೆ ಕಿತ್ತುಕೊಂಡದ್ದು ಇವನ್ನೇ. 1986ರಲ್ಲಿ ಶುರುವಾದ ಬೆಂಗಳೂರಿನ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ‘ಆಶಾ’ ಎಂಬ ಹಾಫ್‌ವೇ ಹೋಮ್ (ಆಸ್ಪತ್ರೆಗೂ ಮನೆಗೂ ನಡುವಿನ ವಸತಿ) ಜೊತೆಗೆ ‘ಚೇತನ’ ಎಂಬ ಹಗಲು ಕೇಂದ್ರವನ್ನೂ ನಡೆಸಿತು.

ಆದರೆ ಇವೆಲ್ಲ ದೊಡ್ಡ ಪಟ್ಟಣಗಳ ಮಾತು. ಹಳ್ಳಿಯ ಕಡೆಗೆ ಮುಖ ಮಾಡಿದ ಇನ್ನೊಂದು ಧಾರೆ ಬೆಂಗಳೂರಿನ ಹತ್ತಿರದ ಸಕಲವಾರ ಎಂಬ ಹಳ್ಳಿಯಿಂದ ಹೊರಟಿತು. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಅಲ್ಲಿ ಸಮುದಾಯ ಘಟಕ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಲು ಕಲಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು 20 ಲಕ್ಷ ಜನರ ನಡುವೆ, ಅದರ ಪ್ರಯೋಗ ನಡೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಾದ್ಯಂತ ಮಾದರಿಯಾದದ್ದು ಬಳ್ಳಾರಿಯೇ. 2005ರಿಂದ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರನ್ನು ಊರೂರಲ್ಲಿ ಹುಡುಕಿ, ವರ್ಷಗಟ್ಟಲೆ ಬೆನ್ನುಬಿಡದೆ ಚಿಕಿತ್ಸೆ ಕೊಟ್ಟಿತು. ಮಲೆನಾಡಿನ ಆ ತಾಲೂಕು ನಮ್ಮದರಂತೆಯೇ ತೋಟ, ಏರು ಇಳಿಜಾರು, ಬಸ್ಸಿಗೆ ಕಾಯುವ ಜನ. ಅಲ್ಲಿ ಆಗಿದ್ದು ಇಲ್ಲಿ ಆಗದೆಂದು ಹೇಳಲು ಕಾರಣವೇ ಇಲ್ಲ.

ಇದರ ನಡುವೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸಂಕೋಲೆಯಲ್ಲಿದ್ದ 28 ಮನೋರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ಕೂಡಿಹಾಕುವುದೇ ಆರೈಕೆ ಎಂದುಕೊಂಡ ವ್ಯವಸ್ಥೆಗೆ ಅಂದು ಉತ್ತರ ಕೊಡಬೇಕಾಗಿ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನೂ ಸಮುದಾಯದಲ್ಲಿ ಬಾಳುವುದನ್ನೂ ಹಕ್ಕೆಂದು ಬರೆಯಿತು. ಕರ್ನಾಟಕದಲ್ಲಿ 2014ರಲ್ಲಿ ಬಂದ ‘ಮನೋಚೈತನ್ಯ’ ಕಾರ್ಯಕ್ರಮದಿಂದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಕ್ಲಿನಿಕ್ ಶುರುವಾಯಿತು. ‘ಮಾನಸಧಾರ’ ಎಂಬ ಹೆಸರಿನಲ್ಲಿ, ಸಂಘಸಂಸ್ಥೆಗಳ ಮೂಲಕ ಜಿಲ್ಲೆಗಳಲ್ಲಿ ಹಗಲು ಆರೈಕೆ ಕೇಂದ್ರ ನಡೆಸುವ ಯೋಜನೆಯೂ ಬಂತು. ಕಾಗದದ ಮೇಲೆ ನೋಡಿದರೆ ಹಗಲು ಚಿಕಿತ್ಸೆ ಬೆಂಗಳೂರಿನಿಂದ ಜಿಲ್ಲೆಯವರೆಗೆ ಇಳಿದುಬಂದಿದೆ. ಆದರೆ ಆತೂರಿನಲ್ಲಿ ಬಸ್ಸು ಹತ್ತುವವರಿಗೆ ಮಂಗಳೂರು 60 ಕಿಲೋಮೀಟರಿಗೂ ಮಿಕ್ಕಿದ ದೂರ. ದಿನಾ ಬೆಳಿಗ್ಗೆ ಹೋಗಿ ಸಂಜೆ ಮರಳಬೇಕಾದ ಚಿಕಿತ್ಸೆಗೆ ಈ ದೂರವೇ ಮೊದಲ ಅಡ್ಡಿ, ಉಳಿದ ಗುಣದೋಷಗಳ ಮಾತು ಆಮೇಲಿನದು.

ದೂರವನ್ನು ಹೇಗೆ ದಾಟಬಹುದು ಎಂಬುದಕ್ಕೆ ಮಾದರಿ ನಮ್ಮ ಪಕ್ಕದ ಊರಲ್ಲೇ ಇದೆ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕ ಸುರಿದ ಎಂಡೋಸಲ್ಫಾನ್ ಕೀಟನಾಶಕ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಬುದ್ಧಿಬೆಳವಣಿಗೆ ಕುಂಠಿತವಾದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಬಿಟ್ಟುಹೋಯಿತು. ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಕೊಕ್ಕಡದಲ್ಲಿ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಅದು ಮನೋರೋಗದ ಚಿಕಿತ್ಸೆಯಲ್ಲ, ಅಲ್ಲಿನವರ ಅಗತ್ಯ ಬೇರೆ. ಆದರೆ ಬೆಳಿಗ್ಗೆ ವಾಹನದಲ್ಲಿ ಕರೆತಂದು, ಫಿಸಿಯೋಥೆರಪಿ ಮಾಡಿಸಿ, ಊಟ ಕೊಟ್ಟು, ಸಂಜೆ ಮನೆಗೆ ಬಿಡುವ ಕ್ರಮ ಹಳ್ಳಿಯಲ್ಲಿ ನಡೆಯುತ್ತದೆ ಎಂಬುದನ್ನು ಅದು ತೋರಿಸಿತು. ಮಗನನ್ನು ಒಂದು ಗಳಿಗೆ ಬಿಟ್ಟಿರಲಾಗದ ತಾಯಿ ಆ ಹೊತ್ತಿನಲ್ಲಿ ತೋಟಕ್ಕೆ ಇಳಿಯಬಹುದು, ಬೀಡಿ ಕಟ್ಟಬಹುದು, ಸುಮ್ಮನೆ ಅಡ್ಡಾಗಬಹುದು. ಮನೆಯವರ ಉಸಿರಾಟವೂ ಚಿಕಿತ್ಸೆಯ ಲೆಕ್ಕಕ್ಕೆ ಸೇರಬೇಕು.

ಇನ್ನು ಆರಿಸುವ ವಿಚಾರ. ಮೊದಲು, ಹಗಲು ಚಿಕಿತ್ಸೆ ಯಾರಿಗೆ ಬೇಡ ಎಂಬುದನ್ನು ಖಡಾಖಂಡಿತವಾಗಿ ಹೇಳಬೇಕು. ಸಾಯುವ ಮಾತಾಡಿ ಅದಕ್ಕೆ ಸಿದ್ಧತೆಯನ್ನೂ ಮಾಡಿಕೊಂಡವರು, ಅನ್ನ ನೀರು ಬಿಟ್ಟವರು, ಕುಡಿತ ಥಟ್ಟನೆ ನಿಲ್ಲಿಸಿ ಮೈ ನಡುಗಿ ಅಪಸ್ಮಾರ ಬರುತ್ತಿರುವವರು, ಮನೆಯವರ ಮೇಲೆ ಕೈಮಾಡುತ್ತಿರುವವರು: ಇವರು ರಾತ್ರಿಯೂ ಆಸ್ಪತ್ರೆಯಲ್ಲೇ ಇರಬೇಕು. ತೋಟಕ್ಕೆ ಹೊಡೆಯುವ ಔಷಧಿ ಇರುವ ಮನೆಗಳಲ್ಲಿ ಇದಕ್ಕೆ ಎರಡು ಮಾತಿಲ್ಲ. ಆ ಬಾಟಲಿಗಳಿಗೆ ಬೀಗ ಹಾಕುವುದು ಅಂದೇ ಆಗಬೇಕಾದ ಕೆಲಸ. ಯಾವ ಹೊತ್ತಿನಲ್ಲೂ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ಹಗಲು ಚಿಕಿತ್ಸೆ ಒದಗುವುದು ವಾರ್ಡಿನಿಂದ ಬಿಡುಗಡೆಯಾಗಿ ಇನ್ನೂ ಕಾಲೂರದವರಿಗೆ, ಖಿನ್ನತೆಯಲ್ಲಿ ಮುದುಡಿದ್ದರೂ ಎದ್ದು ಬರಬಲ್ಲವರಿಗೆ, ಸ್ಕಿಜೋಫ್ರೇನಿಯಾದ ಜೋರು ಇಳಿದಿದ್ದರೂ ಕೆಲಸದ ರೂಢಿ ತಪ್ಪಿದವರಿಗೆ.

ಡೇ ಕೇರ್ ಎಂಬ ಬೋರ್ಡಿನ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ. ಮನೋವೈದ್ಯರು ವಾರದಲ್ಲಿ ಹಲವು ಸಲ ನೋಡಿ, ಮದ್ದು ಹೊಂದಿಸಿ, ಕೆಲವೇ ವಾರಗಳಲ್ಲಿ ಮುಗಿಸುವ ತೀವ್ರ ಚಿಕಿತ್ಸೆ ಒಂದು. ತಿಂಗಳುಗಟ್ಟಲೆ ಕೆಲಸ, ಕೌಶಲ, ಒಡನಾಟ ಕಲಿಸುವ ಪುನಶ್ಚೇತನ ಇನ್ನೊಂದು. ಯಾವುದು ಬೇಕೆಂದು ನೋಡುತ್ತಿರುವ ಡಾಕ್ಟರಲ್ಲೇ ಕೇಳಿ ಹೊರಡಬೇಕು. ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಸಾಧ್ಯವಾದರೆ ಒಂದು ಬೆಳಿಗ್ಗೆ ಹೋಗಿ ಕೂತು ನೋಡಿ: ಬಂದವರನ್ನು ಹೆಸರು ಹಿಡಿದು ಕರೆಯುತ್ತಾರೆಯೇ, ಹಿಂದಿನ ರಾತ್ರಿಯ ನಿದ್ದೆ, ಮಾತ್ರೆ ವಿಚಾರಿಸುತ್ತಾರೆಯೇ, ಒಬ್ಬೊಬ್ಬರಿಗೂ ಬರೆದಿಟ್ಟ ಗುರಿ ಇದೆಯೇ, ಅಥವಾ ಎಲ್ಲರೂ ಟಿವಿ ಮುಂದೆ ಕೂತು ಊಟದ ಗಂಟೆ ಕಾಯುತ್ತಾರೆಯೇ. ತಪಾಸಣೆಯ ವರದಿಗಳು ಹೇಳದ್ದನ್ನು ಆ ಅರ್ಧ ದಿನ ಹೇಳುತ್ತದೆ.

ಭಾಷೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಗುಂಪಿನಲ್ಲಿ ಕೂತು ಒಳಗಿನದ್ದನ್ನು ಹೇಳಿಕೊಳ್ಳುವುದು ಈ ಚಿಕಿತ್ಸೆಯ ದೊಡ್ಡ ಭಾಗ. ಮನೆಯಲ್ಲಿ ತುಳುವೋ ಬ್ಯಾರಿಯೋ ಅರೆಭಾಷೆಯೋ ಮಲಯಾಳವೋ ಆಡುವವನು ಇಂಗ್ಲಿಷ್ ಬೆರೆಸಿದ ಪಟ್ಟಣದ ಕನ್ನಡದ ನಡುವೆ ಸುಮ್ಮನೆ ಕೂತುಬಿಡುತ್ತಾನೆ, ಸಿಬ್ಬಂದಿ ಅದನ್ನೇ ಕಾಯಿಲೆಯ ಲಕ್ಷಣವೆಂದು ಬರೆದುಕೊಳ್ಳುವ ಅಪಾಯವಿದೆ. ಗುರಿಯೂ ಅವನ ಬದುಕಿನದ್ದೇ ಆಗಬೇಕು. ಪೇಪರ್ ಕವರ್ ಅಂಟಿಸುವುದಕ್ಕಿಂತ, ಅಂಗಳದಲ್ಲಿ ಕೂತು ಎದ್ದುಹೋಗದೆ ಒಂದು ಬುಟ್ಟಿ ಅಡಿಕೆ ಸುಲಿಯುವುದು ಇಲ್ಲಿನವನಿಗೆ ನಿಜವಾದ ಅಳತೆ.

ದುಡ್ಡಿನ ಬಗ್ಗೆ ಎರಡು ಮಾತು. 2017ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮೆಯವರು ಮನೋರೋಗವನ್ನು ದೇಹದ ಕಾಯಿಲೆಗೆ ಸಮನಾಗಿ ಕಾಣಬೇಕು. ಆದರೆ ಬಹಳಷ್ಟು ಪಾಲಿಸಿಗಳು 24 ಗಂಟೆಯ ದಾಖಲಾತಿಯನ್ನೇ ಕೇಳುವುದರಿಂದ, ರಾತ್ರಿ ಮನೆಗೆ ಬರುವ ಚಿಕಿತ್ಸೆಗೆ ಹಣ ಸಿಗುತ್ತದೆಯೇ ಎಂದು ಸೇರುವ ಮೊದಲೇ ಬರಹದಲ್ಲಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂಬ ಪ್ರಮಾಣಪತ್ರವಿದ್ದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು.

ಕೇಂದ್ರದಿಂದ ಬಿಡುವ ದಿನ ಚಿಕಿತ್ಸೆಯ ಚೀಟಿ ತಾಲೂಕು ಆಸ್ಪತ್ರೆಯ ಮಂಗಳವಾರದ ಡಾಕ್ಟರಿಗೆ ತಲುಪುವುದು, ಊರಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿದಿರುವುದು, ಮಾತ್ರೆ ಹತ್ತಿರದಲ್ಲೇ ಸಿಗುವುದು, ಇವು ಮೊದಲೇ ಗೊತ್ತಾಗಿರಬೇಕು. ಜೊತೆಗೆ, ನಾವು ಕೇಳಬೇಕಾದದ್ದನ್ನು ಕೇಳಿಲ್ಲ ಎಂದೂ ನನಗನಿಸುತ್ತದೆ. ಸರ್ಕಾರಿ ಸೇವೆ ಸಿಗದೆಡೆ ಬೇರೆಡೆ ಆದ ಚಿಕಿತ್ಸೆಯ ಖರ್ಚನ್ನು ಮರಳಿಸಲು ಸರ್ಕಾರ ನಿಯಮ ಮಾಡಬೇಕೆಂದು 2017ರ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಹೀಗಿರುವಾಗ, ನಮ್ಮ ಕಡಬವೂ ತಾಲೂಕಾಗಿ ವರ್ಷಗಳಾದವು. ಕಡಬಕ್ಕೊಂದು ಮಾನಸಧಾರ ಕೇಂದ್ರ ಬೇಕು, ರಾಮಕುಂಜ, ಆತೂರು, ಆಲಂಕಾರು ಸುತ್ತಿ ಬರುವ ಒಂದು ವಾಹನ ಬೇಕು ಎಂಬ ಬೇಡಿಕೆಯನ್ನು ಮುಂದಿನ ಗ್ರಾಮಸಭೆಯಲ್ಲೇ ಇಟ್ಟು, ನಿರ್ಣಯದ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಬಹುದು.