ಗೇಣಿಯ ಗಡುವು: ಕಳವಾದಿಂದ ಬೇಲಾಪುರದವರೆಗೆ

ಠಾಣೆಯ ಕೋಟೆಯ ನೆಲವನ್ನು ಅಗೆಯುವಾಗ 1787ರಲ್ಲಿ ದೊರೆತ ತಾಮ್ರಶಾಸನವು ಕೊಂಕಣದ ಶಿಲಾಹಾರ ಅರಸನಾದ ಅರಿಕೇಸರಿಯದು, ಕಾಲ ಕ್ರಿ.ಶ. 1017. ಉತ್ತರ ಕೊಂಕಣದ ಈ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರಾಗಿದ್ದವರು. ಅಂದಿನ ದಾನಶಾಸನಗಳ ರೂಢಿಯಲ್ಲಿ ಭೂದಾನದ ಅವಧಿಯನ್ನು ಅಳೆಯುವ ಮಾನ ಚಂದ್ರಸೂರ್ಯರೇ ಆಗಿತ್ತು. ಅದೇ ಠಾಣೆಯ ಖಾಡಿಯ ಆಚೆ ದಡದಲ್ಲಿರುವ ಕಳವಾವನ್ನು ದಾಟಿ ಬೇಲಾಪುರದ ದಾರಿ ಹಿಡಿದರೆ, ಇಂದು ಭೂಮಿಯನ್ನು ಅಳೆಯುವ ಸಂಖ್ಯೆಗಳು ಬೇರೆ: ಕೈಗಾರಿಕಾ ನಿವೇಶನಕ್ಕೆ 95 ವರ್ಷ, ವಾಸದ ನಿವೇಶನಕ್ಕೆ 60 ವರ್ಷ.

ಈ ಪ್ರದೇಶಕ್ಕೆ ಷರತ್ತಿನ ಭೂಮಿ ಹೊಸದೇನೂ ಅಲ್ಲ. ಉಪ್ಪುನೀರಿನ ಜೌಗಿಗೆ ಒಡ್ಡು ಕಟ್ಟಿ ಗದ್ದೆ ಮಾಡಿದವರ ಹಿಡುವಳಿಗೆ ಠಾಣೆ ಜಿಲ್ಲೆಯಲ್ಲಿ ಶಿಲೋತ್ರಿ ಎಂಬ ಹೆಸರಿದ್ದಿತು. ಒಡ್ಡನ್ನು ಕಾಪಾಡುವ ಹೊಣೆಯೊಡನೆಯೇ ಹಕ್ಕು ಬರುತ್ತಿತ್ತು. ಕೆರೆಯ ಪೋಷಣೆಗಾಗಿ ಕಟ್ಟುಕೊಡಗೆಯನ್ನು ಪಡೆದ ಕನ್ನಡನಾಡಿನ ರೈತರನ್ನು ಇದು ನೆನಪಿಗೆ ತರುವುದು.

ಆದರೆ ಗೇಣಿಯ ವಿಚಾರವನ್ನು ಕರಾವಳಿಯ ಕನ್ನಡಿಗರಷ್ಟು ನುಣುಪಾಗಿ ವಿಂಗಡಿಸಿದವರು ವಿರಳ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ ಶಾಶ್ವತವಾದುದು: ಗೇಣಿಯ ಮೊತ್ತ ಸ್ಥಿರ, ಹಕ್ಕು ವಂಶಪಾರಂಪರ್ಯವಾದುದು. ಚಾಲಗೇಣಿಯವನು ಧಣಿಯ ಇಷ್ಟವಿದ್ದಷ್ಟು ಕಾಲ ಮಾತ್ರ ಒಕ್ಕಲು. ಇವೆರಡರ ನಡುವೆ ವಾಯಿದೆಗೇಣಿ, ಗಡುವು ತೀರಿದೊಡನೆ ತೀರುವಂಥದು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನನೂ ಗೇಣಿಯ ಪದ್ಧತಿಗಳನ್ನು ಗಮನಿಸಿದ್ದಾನೆ. ಕೃಷಿಭೂಮಿಯ ಗೇಣಿದಾರಿಕೆ 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ರದ್ದಾಯಿತು. ಊರೊಳಗಿನ ಮನೆನಿವೇಶನಗಳ ಮೂಲಗೇಣಿ ಮಾತ್ರ ಉಳಿದುಕೊಂಡಿತು; ಅದರ ಹಿಡುವಳಿದಾರರಿಗೆ ಒಡೆತನ ಕೊಡುವ ಕಾಯಿದೆ ಬರಲು 2011 ಬೇಕಾಯಿತು.

ಇನ್ನು ನವಿ ಮುಂಬಯಿ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿಯೂ, ಸಿಡ್ಕೊ 1970ರ ಮಾರ್ಚ್ 17ರಂದೂ ಹುಟ್ಟಿದವು. ಆಗ್ರಿ, ಕೋಳಿ ಜನರ 95 ಹಳ್ಳಿಗಳ ಭೂಮಿಯ ಮೇಲೆ ಹೊಸ ನಗರ ಎದ್ದಿತು. ಪರಿಹಾರ ಸಾಲದೆಂದು ನಡೆದ 1984ರ ಜಾಸಯಿ ಚಳವಳಿಯಲ್ಲಿ ಐವರು ಗುಂಡಿಗೆ ಬಲಿಯಾದರು. ಆ ಬಳಿಕ, ಕಳೆದುಕೊಂಡ ಭೂಮಿಯ ಶೇಕಡ 12.5ರ ಲೆಕ್ಕದಲ್ಲಿ ಅಭಿವೃದ್ಧಿಪಡಿಸಿದ ನಿವೇಶನಗಳು ಅವರಿಗೆ ಸಿಕ್ಕವು. ಅವೂ ಗೇಣಿಯ ರೂಪದಲ್ಲಿಯೇ. ನಿನ್ನೆಯ ಒಡೆಯನು ತನ್ನ ನೆಲಕ್ಕೇ ವಾಯಿದೆಗೇಣಿದಾರನಾದುದು ಇತಿಹಾಸದ ವಿಚಿತ್ರ ನಡೆಯೇ ಸರಿ.

ಈ ಮನೆಗಳನ್ನು ಕೊಂಡವರು ಬಹುಮಟ್ಟಿಗೆ ಸಂಬಳದ ಮಧ್ಯಮವರ್ಗದವರು, ಅವರಲ್ಲಿ ಕನ್ನಡಿಗರೂ ಉಂಟು. ‘ಸ್ವಂತ ಮನೆ’ ಎಂಬ ಮಾತಿನ ಭರದಲ್ಲಿ ಗೇಣಿಪತ್ರವನ್ನು ಕೊನೆಯ ಪುಟದವರೆಗೆ ಓದಿದವರೆಷ್ಟು ಮಂದಿ! 1882ರ ಸ್ವತ್ತು ವರ್ಗಾವಣೆ ಕಾಯಿದೆಯ 111ನೆಯ ಕಲಮಿನ ಪ್ರಕಾರ ಗಡುವು ಸಂದರೆ ಗೇಣಿ ತಾನೇ ಕೊನೆಗೊಳ್ಳುವುದು. ಪ್ರತ್ಯೇಕ ನೋಟೀಸಿನ ಅಗತ್ಯವಿಲ್ಲ. ಪುನರ್ನವೀಕರಣದ ಹಕ್ಕು ಪತ್ರದಲ್ಲಿ ಬರೆದಿದ್ದರೆ ಮಾತ್ರ ಉಂಟು. ಮಾರಾಟಕ್ಕೆ ಮುನ್ನ ನಿಗಮದ ಸಮ್ಮತಿಪತ್ರ ಬೇಕು, ಅದಕ್ಕೆ ವರ್ಗಾವಣೆ ಶುಲ್ಕವೂ ಉಂಟು.

ಇದರ ಬಿಸಿ ಮೊದಲು ತಾಗುವುದು ಸಾಲದ ಮೇಜಿನಲ್ಲಿ. 1975ರಲ್ಲಿ 60 ವರ್ಷಕ್ಕೆ ಪಡೆದ ನಿವೇಶನದ ಗಡುವು 2035ಕ್ಕೆ ಸಲ್ಲುವುದು. 2020ರಲ್ಲಿ ಅಲ್ಲಿನ ಮನೆಯನ್ನು ಕೊಳ್ಳಬಂದವನಿಗೆ 20 ವರ್ಷದ ಸಾಲ ಕೊಟ್ಟರೆ, ಕಂತುಗಳು ಗೇಣಿಯನ್ನು ಐದು ವರ್ಷ ಮೀರಿ ನಡೆಯುವುವು. ಆಧಾರವೇ ಇಲ್ಲದ ಸಾಲಕ್ಕೆ ಯಾವ ಬ್ಯಾಂಕು ಒಪ್ಪೀತು? ಆಗ ಕೊಳ್ಳುವವರು ಕಡಿಮೆಯಾಗಿ ಬೆಲೆ ಇಳಿಯುವುದು. ನಿವೃತ್ತಿಯ ಹೊತ್ತಿಗೆ ಮನೆಯನ್ನು ಮಾರಿ ಊರಿಗೆ ಹೊರಡಬೇಕೆಂದಿದ್ದವನಿಗೆ ಕಾಗದದ ಈ ಅಂಕಿಯೇ ತಡೆಯಾಗುವುದು. ಹಳೆಯ ಕಟ್ಟಡಗಳ ಪುನರ್ನಿರ್ಮಾಣಕ್ಕೂ ಇದೇ ತೊಡಕು; ಅಲ್ಪಾವಧಿ ಉಳಿದಿರುವ ನೆಲದ ಮೇಲೆ ಹಣ ಹೂಡಲು ಯಾರೂ ಮುಂದೆ ಬರರು.

ಆದಕಾರಣ 2018ರ ಡಿಸೆಂಬರಿನಲ್ಲಿ ರಾಜ್ಯ ಸಚಿವಸಂಪುಟವು, ಒಮ್ಮೆ ಕೊಡುವ ಶುಲ್ಕದ ಮೇರೆಗೆ, ಸಿಡ್ಕೊ ಗೇಣಿಯನ್ನು 99 ವರ್ಷಕ್ಕೆ ವಿಸ್ತರಿಸಲು ಒಪ್ಪಿತು. ಪೂರ್ಣಸ್ವಾಮ್ಯವೇ ಬೇಕೆಂಬ ಬೇಡಿಕೆ ಅದರಿಂದ ಅಡಗಲಿಲ್ಲ. ಗೃಹನಿರ್ಮಾಣ ಸಹಕಾರ ಸಂಘವಿರುವಲ್ಲಿ ನಿವೇಶನದ ಗೇಣಿ ಸಂಘದ ಹೆಸರಿನಲ್ಲಿ ಇರುವುದರಿಂದ, ಒಬ್ಬ ಸದಸ್ಯನು ತನ್ನ ಪಾಲನ್ನು ಎಣಿಸಿಟ್ಟರೂ ಸಂಘದ ಸಭೆಯಲ್ಲಿ ಉಳಿದವರು ಕೈ ಎತ್ತುವವರೆಗೆ ಅವನು ಕಾಯಬೇಕು.