ಚೊಚ್ಚಲ ಹೆರಿಗೆ: ಮನೆಯೋ, ಆಸ್ಪತ್ರೆಯೋ?

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮ ನಾಡಿನ ಹಳೆಯ ಪದ್ಧತಿ. ಹಿಂದೆ ಹೆರಿಗೆಯೂ ಬಾಣಂತನವೂ ತವರುಮನೆಯಲ್ಲಿಯೇ ನಡೆಯುತ್ತಿದ್ದವು. ಈಗ ಬಾಣಂತನ ಮಾತ್ರ ತವರಿನಲ್ಲಿ ಉಳಿದಿದೆ. ಹೆರಿಗೆ ಆಸ್ಪತ್ರೆಗೆ ಹೋಗಿದೆ. ವಿದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, "ನಮ್ಮ ಅಜ್ಜಿಯರು ಮನೆಯಲ್ಲೇ ಹೆತ್ತವರಲ್ಲವೇ ಮೇಷ್ಟ್ರೇ? ನಾವೇಕೆ ಹೆರಬಾರದು?" ಎಂದು ಕೇಳುವುದುಂಟು. ನಾನು ವೈದ್ಯನಲ್ಲ, ಚರಿತ್ರೆಯ ಪಾಠ ಹೇಳಿದವನು. ಆದ್ದರಿಂದ ಚರಿತ್ರೆಯನ್ನೇ ಇಲ್ಲಿ ಮುಂದಿಡುತ್ತೇನೆ.

ಅಜ್ಜಿಯರು ಮನೆಯಲ್ಲಿ ಹೆತ್ತದ್ದು ನಿಜ. ಆದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ನನ್ನ ತಾಯಿಯ ಚೊಚ್ಚಲ ಹೆರಿಗೆ ಆಕೆಯ ತವರಿನ ಕತ್ತಲೆಕೋಣೆಯಲ್ಲಿ ಆಯಿತು. ಊರಿನ ಸೂಲಗಿತ್ತಿ ಒಳ್ಳೆಯ ಕೈಗುಣದವಳೆಂದು ಹೆಸರಾಗಿದ್ದಳು. ಹೆರಿಗೆ ಸುಸೂತ್ರವಾಗಿಯೇ ಆಯಿತು. ಮನೆಯಲ್ಲಿದ್ದ ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದರು. ಐದಾರು ದಿನ ಚೆನ್ನಾಗಿ ಹಾಲು ಕುಡಿದ ಗಂಡುಕೂಸು ಅನಂತರ ಬಾಯಿ ಬಿಗಿದು ಮೊಲೆ ಹಿಡಿಯದಾಯಿತು. ಎಂಟನೆಯ ದಿನ ತೀರಿಕೊಂಡಿತು. ಹಿರಿಯರು ಬಾಲಗ್ರಹವೆಂದರು. ಅದು ಧನುರ್ವಾಯುವಿನ ಲಕ್ಷಣವೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅಮ್ಮ ಕೊನೆಯವರೆಗೂ ಆ ಕೂಸನ್ನು ಸೇರಿಸಿಯೇ ಲೆಕ್ಕ ಹೇಳುತ್ತಿದ್ದಳು.

ಸೂಲಗಿತ್ತಿಯರನ್ನು ಹಳಿಯಲು ಈ ಮಾತು ಹೇಳಲಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರೆಂದು ಪ್ರಸಿದ್ಧರು. 2018ರಲ್ಲಿ ಪದ್ಮಶ್ರೀ ಗೌರವ ಪಡೆದ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಅಂಥವರ ತಾಳ್ಮೆ, ಅನುಭವಗಳು ದೊಡ್ಡವು. ಆದರೆ ರಕ್ತಸ್ರಾವ ನಿಲ್ಲದಿದ್ದಾಗ, ಮಗು ಅಡ್ಡಲಾಗಿ ಸಿಕ್ಕಿಕೊಂಡಾಗ, ಬರಿಗೈಯಿಂದ ಎಷ್ಟು ತಾನೇ ಸಾಧ್ಯ?

ಆಸ್ಪತ್ರೆಯೂ ಮೊದಲಿನಿಂದಲೇ ಸುರಕ್ಷಿತವಾಗಿರಲಿಲ್ಲ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ಮತ್ತು ವೈದ್ಯವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಯರು ಜ್ವರದಿಂದ ಬಹಳ ಹೆಚ್ಚಾಗಿ ಸಾಯುತ್ತಿದ್ದರು. ಶವಗಳನ್ನು ಕೊಯ್ದ ಕೈಗಳಿಂದಲೇ ಇವರು ಹೆರಿಗೆ ಮಾಡಿಸುತ್ತಿದ್ದುದು ಅದಕ್ಕೆ ಕಾರಣವೆಂದು ಕಂಡುಕೊಂಡ ಸೆಮೆಲ್‌ವೈಸ್ ಎಂಬ ವೈದ್ಯರು, 1847ರಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಸಾವುಗಳು ತಟ್ಟನೆ ಇಳಿದವು. ಮನೆಯಾಗಲಿ ಆಸ್ಪತ್ರೆಯಾಗಲಿ, ಕೈ ಶುದ್ಧವಾಗಿರಬೇಕು ಎಂಬ ಪಾಠವನ್ನು ಜಗತ್ತು ಹೀಗೆ ಕಲಿಯಿತು.

ನಮ್ಮ ದೇಶದಲ್ಲಿ ಬದಲಾವಣೆ ತಡವಾಗಿ ಬಂದರೂ ವೇಗವಾಗಿ ಬಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಭಾರತದಲ್ಲಿ ಶೇ. 38.7ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ವೇಳೆಗೆ ಅದು ಶೇ. 88.6ಕ್ಕೆ, ಕರ್ನಾಟಕದಲ್ಲಿ ಶೇ. 97ಕ್ಕೆ ಏರಿತು. ಲಕ್ಷ ಜನನಗಳಿಗೆ 2004-06ರಲ್ಲಿ 254ರಷ್ಟಿದ್ದ ತಾಯಂದಿರ ಸಾವು 2018-20ರಲ್ಲಿ 97ಕ್ಕೆ ಇಳಿಯಿತು. ಅಮ್ಮನ ಕೂಸನ್ನು ಒಯ್ದಂಥ ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿರ್ಮೂಲನ ಮಾಡಿದೆಯೆಂದು 2015ರಲ್ಲಿ ದೃಢಪಟ್ಟಿತು. ಗರ್ಭಿಣಿಯರಿಗೆ ಹಾಕುವ ಲಸಿಕೆಗೂ ಶುಚಿಯಾದ ಹೆರಿಗೆಗೂ ಇದರ ಶ್ರೇಯಸ್ಸು ಸಲ್ಲಬೇಕು.

ಇನ್ನು ಇಂಗ್ಲೆಂಡಿನ ಮಾತು. ಅಲ್ಲಿ ಮನೆಯ ಹೆರಿಗೆಯೆಂದರೆ ತರಬೇತಿ ಪಡೆದ ಸೂಲಗಿತ್ತಿ ಔಷಧಗಳೊಡನೆ ಬರುತ್ತಾಳೆ. ಕರೆದರೆ ಆಂಬ್ಯುಲೆನ್ಸ್ ಬರುತ್ತದೆ. ಅಷ್ಟಿದ್ದರೂ, ಯಾವ ತೊಡಕಿನ ಸೂಚನೆಯೂ ಇಲ್ಲದ ಗರ್ಭಿಣಿಯರನ್ನು ಕುರಿತು ಅಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದನ್ನು ಗಮನಿಸಬೇಕು. ಎರಡನೆಯ ಅಥವಾ ಮುಂದಿನ ಹೆರಿಗೆಯಾದರೆ ಮಗುವಿನ ಮಟ್ಟಿಗೆ ಮನೆಗೂ ಆಸ್ಪತ್ರೆಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಾದರೆ ಮಗುವಿಗೆ ಸಾವು ಅಥವಾ ಗಂಭೀರ ಅಪಾಯ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯಲ್ಲಿ ಹೆರಲು ಬಯಸಿದ ಚೊಚ್ಚಲ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಯನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಅಪಾಯ ಚಿಕ್ಕದು, ಆದರೂ ಇದೆ. ಹತ್ತಿರದಲ್ಲಿ ಅಂಥ ವ್ಯವಸ್ಥೆ ಇಲ್ಲದ ನಮ್ಮಂಥ ಕಡೆ ಅದು ಇನ್ನೂ ಹೆಚ್ಚೆಂಬುದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಚೊಚ್ಚಲಿಗೆ ಆಸ್ಪತ್ರೆಯೇ ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ಮನೆಯನ್ನು ಬಯಸುವ ಹೆಣ್ಣುಮಕ್ಕಳ ಮನಸ್ಸೂ ನನಗೆ ಅರ್ಥವಾಗುತ್ತದೆ. ಅಂದಿನ ಕತ್ತಲೆಕೋಣೆಯಲ್ಲಿ ಬೆನ್ನು ನೀವಲು ತಾಯಿ ಇರುತ್ತಿದ್ದಳು. ಎಷ್ಟೋ ಆಸ್ಪತ್ರೆಗಳಲ್ಲಿ ಆಕೆಯನ್ನು ಬಾಗಿಲಾಚೆಯೇ ನಿಲ್ಲಿಸುತ್ತಾರೆ. ಹೆರುವವಳು ಬಯಸಿದವರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಶಿಫಾರಸು ಮಾಡಿದೆ. ನಿಮ್ಮ ಮನೆಯ ಮಗಳೋ ಸೊಸೆಯೋ ಬಸುರಿಯಾದಾಗ, ಆಸ್ಪತ್ರೆಯನ್ನು ಗೊತ್ತುಮಾಡುವ ಮೊದಲು ಇದೊಂದನ್ನು ತಪ್ಪದೆ ಕೇಳಿ ತಿಳಿಯಿರಿ.